ಡುವಾರ್ಟೆ ಕೊಟ್ಟ ಅಂದಾಜು

ಸಿಲ್ವೀನೊ ರೇಗೊ ಬಚ್ಚಲುಮನೆಯ ಟಬ್ಬಿನ ಪಕ್ಕ ನಿಂತು ನೆಲವನ್ನು ಹಿಮ್ಮಡಿಯಿಂದ ಒತ್ತಿದ. ಮರದ ನೆಲ ಹಾಸಿಗೆಯ ಹಾಗೆ ತಗ್ಗಿ ಮೇಲೆದ್ದಿತು. ಇನ್ನೊಮ್ಮೆ ಒತ್ತಿದ. ಈ ಸಲ ಕೆಳಗಿನಿಂದ ಯಾರೋ ಪೊರಕೆಯ ಹಿಡಿಯಲ್ಲಿ ಛಾವಣಿ ಕುಟ್ಟಿದ ಸದ್ದು ಬಂತು.

"ಕೆಳಮನೆ ಅಜ್ಜಿ. ಒತ್ತಬೇಡ ಮಾರಾಯ," ಎಂದಳು ಒಡೀಲಿಯಾ. "ಎಲ್ಲಿ ನಾವು ಟಬ್ಬಿನ ಸಮೇತ ಅವಳ ತಲೆ ಮೇಲೆ ಇಳೀತೀವೋ ಅಂತ ಅವಳಿಗೆ ಭಯ."

"ಭಯಪಡೋದ್ರಲ್ಲಿ ತಪ್ಪೇನಿಲ್ಲ," ಎಂದ ಸಿಲ್ವೀನೊ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. ಅವನು ಇವರ ಇಗರ್ಜಿಗೇ ಬರುವವನು, ಅಮೆರಿಕದ ಫಾಲ್ ರಿವರ್ ಊರಿನ ಅರ್ಧ ಪೋರ್ಚುಗೀಸರ ಮನೆಗಳಲ್ಲಿ ಕೆಲಸ ಮಾಡಿದ್ದವನು. ಗೋಡೆ, ಕಮೋಡು, ಕಿಟಕಿ ಎಲ್ಲ ಅಳೆದು, ವಾರದೊಳಗೆ ರಿಪೇರಿಯ ಲೆಕ್ಕ ಕಳಿಸುತ್ತೇನೆಂದು ಹೇಳಿ ಹೋದ.

ಅದಕ್ಕೂ ಮೊದಲು ಒಂದು ದೊಡ್ಡ ಕಂಪನಿಯವನು ಬಂದುಹೋಗಿದ್ದ. ಬೂಟುಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದು, ಕೈಯಲ್ಲಿದ್ದ ಪರದೆಯ ಮೇಲೆ ಒಡೀಲಿಯಾಳ ಬಚ್ಚಲುಮನೆಯನ್ನು ಹೋಟೆಲಿನ ಬಚ್ಚಲುಮನೆ ಮಾಡಿ ತೋರಿಸಿದ್ದ. ಇವತ್ತೇ ಸಹಿ ಮಾಡಿದರೆ ಬೆಲೆಯಲ್ಲಿ ರಿಯಾಯಿತಿ ಎಂದಿದ್ದ. "ನಾಳೆ ಮಾಡಿದ್ರೆ ಏನು, ನಿಮ್ಮ ನಲ್ಲಿಗೆ ವಯಸ್ಸಾಗಿಬಿಡುತ್ತಾ?" ಎಂದು ಅವಳ ಗಂಡ ಜಿಲ್ ಕೇಳಿದ್ದ. ಆಮೇಲೆ ಆ ಮನುಷ್ಯ ಹೆಚ್ಚು ಹೊತ್ತು ಕೂರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಒಡೀಲಿಯಾ, "ಮೂರು ಕಡೆ ಕೇಳ್ಬೇಕು ಅಂತಾರೆ. ಇನ್ನೊಬ್ಬರನ್ನ ಕರೀಬೇಕು," ಎಂದಳು.

"ಕರಿ."

"ಡುವಾರ್ಟೇನ ಕರೀತೀನಿ."

ಜಿಲ್ ಚಮಚ ಕೆಳಗಿಟ್ಟ. ತಲೆಯೆತ್ತಿ ಅವಳನ್ನು ನೋಡಲಿಲ್ಲ, ಅವಳ ಹಿಂದಿದ್ದ ಕಪಾಟಿನ ಬಾಗಿಲನ್ನು ನೋಡಿದ. ಆ ಬಾಗಿಲು ಒಂದು ಕಡೆಗೆ ವಾಲಿತ್ತು.

ಡುವಾರ್ಟೆ ಅವಳ ಒಬ್ಬನೇ ತಮ್ಮ. ಆರು ವರ್ಷದ ಹಿಂದೆ ಈ ಅಡುಗೆಮನೆಯ ಕಪಾಟುಗಳನ್ನೆಲ್ಲ ಬಿಚ್ಚಿ ಹೊಸದು ಕೂರಿಸುತ್ತಿದ್ದವನು ಅವನೇ. ಕೆಲಸ ಅರ್ಧ ಆಗಿತ್ತು. ಅವನ ಹೆಂಡತಿ ಮನೆ ಬಿಟ್ಟು ಹೋದ ವಾರವದು. ಅದು ಇವರಿಗೆ ಆಮೇಲೆ ಗೊತ್ತಾಯಿತು. ಒಂದು ಬೆಳಿಗ್ಗೆ, "ಅಕ್ಕ, ಬಾಗಿಲಿನ ಕೀಲು ಸಾಲದು, ತಂದುಬಿಡ್ತೀನಿ," ಎಂದು ಹೊರಟವನು ಮರಳಿ ಬರಲಿಲ್ಲ. ಫೋನು ಎತ್ತಲಿಲ್ಲ. ಸ್ಕಾಲಪ್ ಚಿಪ್ಪುಮೀನು ಹಿಡಿಯುವ ದೋಣಿ ಹತ್ತಿ ಸಮುದ್ರಕ್ಕೆ ಹೋಗಿದ್ದಾನೆಂದು ಯಾರೋ ಹೇಳಿದರು. ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿಟ್ಟುಕೊಂಡು ಇವರು ಚಳಿಗಾಲ ಕಳೆದರು. ಕೊನೆಗೆ, ತೈಲದ ಲಾರಿ ಓಡಿಸುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ ಜಿಲ್ ತಾನೇ ಬಾಗಿಲುಗಳನ್ನು ಕೂರಿಸಿದ. ಡುವಾರ್ಟೆ ಊರಿಗೆ ಮರಳಿ, ಮತ್ತೆ ಕಸುಬು ಹಿಡಿದು ಎಷ್ಟೋ ಕಾಲವಾಗಿತ್ತು. ಸಾವಿನ ಮನೆಗಳಲ್ಲಿ, ಹಬ್ಬದ ಮೆರವಣಿಗೆಗಳಲ್ಲಿ ಅಕ್ಕ ತಮ್ಮ ಎದುರಾದರೆ ಕೆನ್ನೆಗೆ ಕೆನ್ನೆ ತಾಗಿಸಿ ಮುಂದೆ ಹೋಗುತ್ತಿದ್ದರು. ಈ ಮನೆಯ ಮೆಟ್ಟಿಲನ್ನು ಮಾತ್ರ ಅವನು ಹತ್ತಿರಲಿಲ್ಲ.

"ಬಚ್ಚಲು ಸರಿಮಾಡ್ಸೋಕೆ ಕರೀತಿದ್ದೀಯೋ, ತಮ್ಮನ್ನ ಸರಿಮಾಡ್ಸೋಕೋ?" ಎಂದು ಕೇಳಿದ ಜಿಲ್.

"ಬಚ್ಚಲು," ಎಂದಳು ಒಡೀಲಿಯಾ.

ಡುವಾರ್ಟೆ ಶನಿವಾರ ಬಂದ. ಬಚ್ಚಲಿಗೆ ಹೋಗಬೇಕಾದರೆ ಅಡುಗೆಮನೆ ದಾಟಿಯೇ ಹೋಗಬೇಕು. ಜಿಲ್ ಬೇಕೆಂದೇ ಅಲ್ಲಿ ಪೇಪರು ಹಿಡಿದು ಕೂತಿದ್ದ. ಡುವಾರ್ಟೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತ ನಡೆದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು.

"ಏನಪ್ಪಾ, ಕೀಲು ಸಿಕ್ತಾ?" ಎಂದ ಜಿಲ್, ಪೇಪರು ಇಳಿಸದೆ.

"ಇಲ್ಲ ಭಾವ," ಎಂದ ಡುವಾರ್ಟೆ ಮೆಲ್ಲಗೆ.

ಬಚ್ಚಲಲ್ಲಿ ಅವನು ಬಹಳ ಹೊತ್ತಿದ್ದ. ಹೊಟ್ಟೆ ಅಡಿಯಾಗಿ ಮಲಗಿ, ಟಬ್ಬಿನ ಹಿಂದಿನ ಸಣ್ಣ ಕಿಂಡಿಯೊಳಗೆ ಟಾರ್ಚು ಬಿಟ್ಟು ನೋಡಿದ. ಕೆಳಗಿಳಿದು ನಟೆರ್ಸಿಯಾ ಅಜ್ಜಿಯ ಛಾವಣಿಯ ಕಲೆ ನೋಡಿ, ಅವಳ ಬೈಗುಳವನ್ನೆಲ್ಲ ಕೇಳಿಸಿಕೊಂಡು ಮೇಲೆ ಬಂದ. ಒಡೀಲಿಯಾ ಒಲೆಯ ಮೇಲೆ ಸೊಪ್ಪಿನ ಸೂಪು ಇಟ್ಟಿದ್ದಳು. ಲಿಂಗ್ವಿಸಾ ಸಾಸೇಜು ಹೆಚ್ಚಿಗೇ ಹಾಕಿದ್ದಳು, ಅವನಿಗೆ ಇಷ್ಟವೆಂದು. ಬಡಿಸಲೇ ಎಂದು ಕೇಳಿದಾಗ, ಇನ್ನೊಂದು ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ಹೇಳಿ ಅವನು ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡ.

ಮುಂದಿನ ವಾರ ಅವನ ಲಕೋಟೆ ಬಂತು. ಜಿಲ್ ಒಡೆದು ಓದಿದ. ಕೆಮ್ಮು ಬರುವಷ್ಟು ನಕ್ಕ.

"ನಿನ್ನ ತಮ್ಮ ನಮಗೆ ಅರಮನೆ ಕಟ್ಟಿಸಿಕೊಡ್ತಾನಂತೆ ಕಣೇ. ಸಿಲ್ವೀನೊ ಹದಿನಾಲ್ಕು ಸಾವಿರ ಡಾಲರು. ಆ ನೀಲಿ ಚೀಲದವನು ಹದಿನೆಂಟು. ಇವನು ಇಪ್ಪತ್ತಮೂರು. ಅಕ್ಕ ಅಂತ ಸ್ವಲ್ಪ ಜಾಸ್ತಿನೇ ಮರ್ಯಾದೆ ಕೊಟ್ಟಿದ್ದಾನೆ."

ಒಡೀಲಿಯಾಳ ಮುಖ ಬಿಸಿಯಾಯಿತು. ಕಡಿಮೆ ಹಾಕುತ್ತಾನೆಂದೇ ಅವಳು ಎಣಿಸಿದ್ದಳು. ತೀರ ಕಡಿಮೆ ಹಾಕಿದರೆ ಏನು ಹೇಳಿ ಅವನಿಗೆ ನ್ಯಾಯವಾದ ಬೆಲೆ ಒಪ್ಪಿಸುವುದೆಂದು ಮಾತನ್ನೂ ಹೊಂದಿಸಿಕೊಂಡಿದ್ದಳು. ಕಾಗದವನ್ನು ಡ್ರಾಯರಿಗೆ ತುರುಕಿ, ಆ ವಿಷಯ ಮಾತಾಡಬೇಡ ಎಂದಳು. ಜಿಲ್ ನಗು ನಿಲ್ಲಿಸಿದ. ಹೆಂಡತಿಗೆ ಯಾವುದರಿಂದ ನೋವಾಗುತ್ತದೆಂದು ಅವನಿಗೆ ಗೊತ್ತಿತ್ತು.

ಸಿಟ್ಟು ಸ್ವಲ್ಪ ಇಳಿದ ಮೇಲೆ, ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಮೂರೂ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕನ್ನಡಕ ಹಾಕಿಕೊಂಡಳು. ಶಾಲೆಯ ಅಡುಗೆಮನೆಗೆ ಹಾಲು, ಬ್ರೆಡ್ಡು, ಕೋಳಿ ತರಿಸುವುದು ಅವಳ ಕೆಲಸ. ವ್ಯಾಪಾರಿಗಳ ದರಪಟ್ಟಿ ಓದಿ ಓದಿ ಅಭ್ಯಾಸವಾಗಿತ್ತು. ಕಂಪನಿಯವನು ಕೊಳೆತ ನೆಲವನ್ನು ಮುಟ್ಟುವ ಮಾತೇ ಆಡಿರಲಿಲ್ಲ. ಹಳೆಯ ಟಬ್ಬಿನ ಮೇಲೆ ಹೊಸ ಹೊದಿಕೆ ಕೂರಿಸಿ ಹೋಗುವವನು ಅವನು. ಸಿಲ್ವೀನೊ ನೆಲದ ಬಗ್ಗೆ 'ಬಿಚ್ಚಿದ ಮೇಲೆ ನೋಡೋಣ' ಎಂದಷ್ಟೇ ಬರೆದಿದ್ದ. ಆ ನೋಡೋಣ ಎಷ್ಟಕ್ಕೆ ಏರುವುದೋ ಹೇಳುವಂತಿರಲಿಲ್ಲ. ಡುವಾರ್ಟೆ ಎಲ್ಲ ಬರೆದಿದ್ದ. ನೆಲದಡಿಯ ತೊಲೆಗಳು, ಹೊಸ ಕೊಳವೆ, ನಗರಸಭೆಯ ಪರವಾನಗಿ, ಅಜ್ಜಿಯ ಛಾವಣಿಗೆ ಬಣ್ಣ, ಧೂಳು ಬೀಳದಂತೆ ಮೆಟ್ಟಿಲಿಗೆ ಹಾಸುವ ಬಟ್ಟೆ ಕೂಡ. ಸಾಮಾನಿನ ಬೆಲೆ ಸಿಲ್ವೀನೊನದಕ್ಕಿಂತ ಕಡಿಮೆಯೇ ಇತ್ತು. ಕೂಲಿ ಒಂದೇ ಆಕಾಶಕ್ಕೆ ಹೋಗಿತ್ತು. ಆ ಕೂಲಿಗೆ ಒಬ್ಬ ಮನುಷ್ಯ ಬೇಸಿಗೆಯಿಡೀ ಬಚ್ಚಲಲ್ಲೇ ಸಂಸಾರ ಮಾಡಬಹುದಿತ್ತು.

ಒಡೀಲಿಯಾ ಕನ್ನಡಕ ತೆಗೆದಳು. ಕೆಲವು ವ್ಯಾಪಾರಿಗಳು ಶಾಲೆಗೆ ಸರಕು ಕೊಡಲು ಮನಸ್ಸಿಲ್ಲದಿದ್ದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಯಾರೂ ಒಪ್ಪದ ಬೆಲೆ ಬರೆದು ಕಳಿಸುತ್ತಾರೆ.

ಭಾನುವಾರ ಪೂಜೆ ಮುಗಿಸಿಕೊಂಡು ಅವಳು ನೇರ ಡುವಾರ್ಟೆಯ ಮನೆಗೆ ಹೋದಳು. ಬೇಕರಿಯೊಂದರ ಹಿಂದೆ ಎರಡು ಕೋಣೆ. ಅವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅವನು ಗಾಬರಿಯಿಂದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ಹಾಸಿಗೆಗೆ ಹಾಕಿದ.

"ನೀನು ಬರೆದಿರೋ ಕೂಲಿ ಯಾರು ಕೊಡ್ತಾರೆ?" ಎಂದಳು ಕೂರುತ್ತ.

"ಯಾರೂ ಕೊಡಲ್ಲ."

"ಗೊತ್ತಿದ್ದೇ ಬರೆದೆ."

"ಹೂಂ."

"ಆಗಲ್ಲ ಅಂತ ಫೋನಲ್ಲೇ ಹೇಳಬಹುದಿತ್ತಲ್ಲ."

ಡುವಾರ್ಟೆ ಕಿಟಕಿಯ ಕಟ್ಟೆಗೆ ಒರಗಿ ನಿಂತ. "ಇಷ್ಟು ವರ್ಷಕ್ಕೆ ಕರೆದಿದ್ದೀಯ. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಅಕ್ಕ. ಬಂದು ನೋಡಿದೆ. ಕೆಲಸವೇನೂ ಕಷ್ಟದ್ದಲ್ಲ. ಆದ್ರೆ ನಿಮ್ಮ ಮೆಟ್ಟಿಲು ಹತ್ತೋವಾಗ್ಲೇ ಕೈ ಬೆವರೋಕೆ ಶುರುವಾಯ್ತು. ಊರವರ ಮನೇಲೆಲ್ಲ ಕೆಲಸ ಮಾಡ್ತೀನಿ, ಒಂದನ್ನೂ ಅರ್ಧಕ್ಕೆ ಬಿಟ್ಟಿಲ್ಲ. ನಿನ್ನ ಮನೇಲಾದ್ರೆ, ಇವತ್ತು ಬರ್ತಾನೋ ಇಲ್ವೋ ಅಂತ ದಿನಾ ಬೆಳಿಗ್ಗೆ ಕಿಟಕೀಲಿ ನಿಂತು ನೋಡ್ತಿರ್ತೀಯ."

"ನಾನು ನಿಲ್ಲಲ್ಲ."

"ನಿಲ್ತೀಯ."

ಒಡೀಲಿಯಾ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ನಿಂತೇ ನಿಲ್ಲುವವಳು, ಸುಳ್ಳು ಹೇಳಿ ಏನು ಪ್ರಯೋಜನ. ಪರದೆಯ ಹಿಂದೆ, ಜಿಲ್‌ಗೆ ಕಾಣದ ಹಾಗೆ ನಿಲ್ಲುವವಳು.

"ಹಾಗಾದ್ರೆ ಯಾರಿಗೆ ಕೊಡಲಿ?" ಎಂದು ಕೇಳಿದಳು.

"ಸಿಲ್ವೀನೊಗೆ ಕೊಡು. ಬಾಯಿ ಜಾಸ್ತಿ, ಕೆಲಸ ಶುದ್ಧ. ನೆಲದ ಬಾಬ್ತು ಎಷ್ಟಾಗುತ್ತೆ ಅಂತ ಮಾತ್ರ ಈಗಲೇ ಬರೆಸ್ಕೋ." ಅವನು ಕಿಟಕಿಯಿಂದ ಈಚೆ ಬಂದ. "ಬಚ್ಚಲು ಬಿಚ್ಚಿದ ಮೇಲೆ ಸ್ನಾನಕ್ಕೆ ಏನ್ಮಾಡ್ತೀರಿ?"

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. "ಕೆಳಗೆ ಅಜ್ಜಿ ಮನೆ ಇದೆಯಲ್ಲ."

"ಅಜ್ಜಿ ಟಬ್ಬಿನ ಒಂದು ಕೊನೇಲಿ ಸೊಪ್ಪಿನ ಸಸಿ, ಇನ್ನೊಂದು ಕೊನೇಲಿ ಬಕೆಟ್ಟಲ್ಲಿ ಉಪ್ಪುಮೀನು ನೆನೆಹಾಕಿದ್ದಾಳೆ. ನಾನೇ ನೋಡಿದೆ. ಮಧ್ಯದಲ್ಲಿ ನೀವಿಬ್ಬರೂ ಕೂತ್ಕೋತೀರಾ?"

ಒಡೀಲಿಯಾಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅವಳು ನಗುವುದನ್ನು ನೋಡಿ ಅವನೂ ನಕ್ಕ. ನಕ್ಕಾದ ಮೇಲೆ ಅವನು ಬಾಗಿಲ ಪಕ್ಕದ ಮೊಳೆಯಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲೆ, ಅವಳ ಕೈಗೆ ಹತ್ತಿರವಾಗಿ ಇಟ್ಟ.

"ಇಲ್ಲಿಗೆ ಬನ್ನಿ. ಸಂಜೆ ಹೊತ್ತು. ನಾನಿಲ್ಲದಿದ್ರೂ ಬನ್ನಿ."

ಸಿಲ್ವೀನೊ ನೆಲದ ಖರ್ಚು ಬರೆದುಕೊಡಲು ಮೊದಲು ಮುನಿಸಿಕೊಂಡ. ಇಗರ್ಜಿಯವರ ನಡುವೆ ಇದೆಲ್ಲ ಬೇಕಾ ಎಂದ. ಬೇಕು ಎಂದಳು ಒಡೀಲಿಯಾ. ಬರೆದುಕೊಟ್ಟ. ಲೆಂಟ್ ಉಪವಾಸ ಶುರುವಾಗುವ ಹೊತ್ತಿಗೆ ಟಬ್ಬು ಅಂಗಳದ ಹಿಮದ ಮೇಲೆ ಬಿದ್ದಿತ್ತು. ಕಮೋಡಿಗೆ ಮಾತ್ರ ಬರಬಹುದೆಂದು ನಟೆರ್ಸಿಯಾ ಅಜ್ಜಿ ಅಪ್ಪಣೆ ಕೊಟ್ಟಳು, ಅದೂ ಅವಳ ಟೀವಿ ಧಾರಾವಾಹಿಯ ಹೊತ್ತು ಬಿಟ್ಟು.

ಸ್ನಾನಕ್ಕೆ ಒಡೀಲಿಯಾ ಬೇಕರಿಯ ಹಿಂದಿನ ಮನೆಗೆ ಹೋದಳು. ಮೊದಲ ದಿನ ಬಾಗಿಲು ತೆರೆದು ನೋಡಿದರೆ ಡುವಾರ್ಟೆ ಇರಲಿಲ್ಲ. ಬಚ್ಚಲಲ್ಲಿ ಇನ್ನೂ ಬೆಲೆಚೀಟಿ ಕೀಳದ ಹೊಸ ಟವೆಲು ಎರಡು, ಪೊಟ್ಟಣ ಬಿಚ್ಚದ ಸಾಬೂನು ಒಂದು ಇದ್ದವು. ಎರಡನೆಯ ವಾರದಿಂದ ಅವನು ಮನೆಯಲ್ಲೇ ಇರತೊಡಗಿದ. ಅವಳು ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಕಾಫಿ ಆಗಿರುತ್ತಿತ್ತು. ಅವನ ಹೆಂಡತಿಯ ವಿಷಯವನ್ನು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ದೋಣಿಯ ವಿಷಯ ಹೇಳಿದ. ಅಲೆಗಳ ಮೇಲೆ ನಿದ್ದೆ ಬರುತ್ತಿರಲಿಲ್ಲವಂತೆ. ದಡಕ್ಕೆ ಬಂದ ಮೇಲೆ ಮನೆ ಅಲುಗಾಡುತ್ತಿಲ್ಲವೆಂದು ನಿದ್ದೆ ಬರುತ್ತಿರಲಿಲ್ಲವಂತೆ.

ಜಿಲ್ ಬರುವುದಿಲ್ಲವೆಂದ. ಲಾರಿ ಡಿಪೋದ ನಲ್ಲಿಯಲ್ಲೇ ತೊಳೆದುಕೊಳ್ಳುತ್ತೇನೆಂದ. ಮೈಯಿಂದ ತೈಲದ ವಾಸನೆ ಹೋಗದೆ, ಹಾಸಿಗೆಯಲ್ಲಿ ಹೆಂಡತಿ ಅತ್ತ ತಿರುಗಿ ಮಲಗತೊಡಗಿದ ಮೇಲೆ, ಒಂದು ಸಂಜೆ ಬಟ್ಟೆಯ ಚೀಲ ಹಿಡಿದು ಹೊರಟ. ಕತ್ತಲಾದ ಮೇಲೆ ಬಂದ. ಕೆನ್ನೆ ಕೆಂಪಗಿತ್ತು, ಕೂದಲು ಬಾಚಿಕೊಂಡಿದ್ದ.

"ಹೇಗಿತ್ತು?" ಎಂದು ಕೇಳಿದಳು.

"ನೀರು ಬಿಸಿ ಇತ್ತು," ಎಂದ ಜಿಲ್. ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ತಮ್ಮ ಮೀನು ಚೆನ್ನಾಗಿ ಹುರೀತಾನೆ," ಎಂದ.

ಈಸ್ಟರಿಗೆ ಮುಂಚೆ ಕೆಲಸ ಮುಗಿಯಿತು. ಸಿಲ್ವೀನೊ ಹೊಸ ನೆಲದ ಮೇಲೆ ತಾನೇ ಜಿಗಿದು ತೋರಿಸಿದ. ಕೆಳಗಿನಿಂದ ಪೊರಕೆಯ ಸದ್ದು ಬರಲಿಲ್ಲ. ಬಿಳಿ ಟೈಲ್ಸು, ಹಿಡಿದುಕೊಳ್ಳಲು ಗೋಡೆಗೊಂದು ಸರಳು, ತಿರುಗಿಸಿದರೆ ಸದ್ದಿಲ್ಲದೆ ಸುರಿಯುವ ನೀರು. "ಅಂಚಿನ ಅಂಟು ನಿನ್ನೇನೇ ಒಣಗಿದೆ. ಇವತ್ತೇ ಸ್ನಾನ ಮಾಡಿ," ಎಂದು ಹೇಳಿ ಅವನು ಉಪಕರಣಗಳನ್ನು ತುಂಬಿಕೊಂಡು ಹೋದ. ಜಿಲ್ ಆಗಲೇ ಶರ್ಟು ಬಿಚ್ಚುತ್ತಿದ್ದ.

ಒಡೀಲಿಯಾ ಟವೆಲು, ಬಾಚಣಿಗೆ ಎಂದಿನಂತೆ ಚೀಲಕ್ಕೆ ಹಾಕಿಕೊಂಡು, ಕಾರಿನ ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿಳಿದಳು.

ಬಾಗಿಲು ತೆರೆದ ಡುವಾರ್ಟೆ ಅವಳ ಚೀಲ ನೋಡಿದ. "ಇವತ್ತು ಮುಗೀಬೇಕಿತ್ತಲ್ಲ?"

"ಮುಗೀತು. ಅಂಟು ಒಣಗಬೇಕಂತೆ," ಎಂದಳು ಅವಳು ಕೋಟು ಬಿಚ್ಚುತ್ತ. "ಇನ್ನೂ ಒಂದು ವಾರ ಆಗುತ್ತಂತೆ."

"ಒಂದು ವಾರ," ಎಂದ ಡುವಾರ್ಟೆ.

"ಹೂಂ."

ಅವನು ಅವಳ ಕೈಯಿಂದ ಕೋಟು ತೆಗೆದುಕೊಂಡು ಮೊಳೆಗೆ ಹಾಕಿದ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬಿಸಿಯಾಗುವವರೆಗೂ ಅದರಡಿ ಕೈ ಹಿಡಿದು ನಿಂತ.