ಊದದವ ಕುಡಿದವ

"ಊದೇ ಬೋಳಿ! ದೀಪ ಆರ್ಸುದಾ? ಗಟ್ಟಿ ಊದ್!"

ನಾನು ಬಾಟ್ಲಿಯ ಬಾಯಿಗೆ ಬಾಯಿಟ್ಟು ಗಟ್ಟಿ ಊದಿದೆ. ಡ್ರೈವರ್ ವಿಶಾಲ್ ಅದನ್ನು ಗೇಟಿನ ಕಂಬದಿಂದ ಬಿಚ್ಚಿ, ಕರವಸ್ತ್ರ ಮುಚ್ಚಿ, ತುಂಬಿದ ಸಾರಿನ ಪಾತ್ರೆ ಹೊತ್ತವನಂತೆ ಜೀಪಿನವರೆಗೆ ಒಯ್ದ. ಒಳಗೆ ಕುಳಿತೇ ಬೈಯುತ್ತಿದ್ದ ಸೂಪರ್‌ವೈಸರ್ ಸುಧೀರ್ ಸರ್ ಮೂಗನ್ನಷ್ಟೇ ಹೊರಗೆ ಚಾಚಿ ಮೂಸಿದರು.

"ಎಲೆ-ಅಡ್ಕಿ ವಾಸ್ನಿ. ಇವ್ಳ್ ಹೋಯ್ಲಿ. ನೆಕ್ಸ್ಟ್."

ನೆಕ್ಸ್ಟ್ ಅಂದರೆ ನನ್ನ ತಮ್ಮ ಸೂರ. ಊದುವ ಮೊದಲು ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ, ಫೋಟೋ ತೆಗೆಸಿಕೊಳ್ಳಲು ನಿಂತವನ ಹಾಗೆ. ಬಡಪಾಯಿ ಕಳ್ಳು ಕೂಡ ಮುಟ್ಟುವವನಲ್ಲ.

ಬೈಂದೂರಿನ ಮೇಲಿನ ಗುಡ್ಡದ ಗೇಟಿನಲ್ಲಿ ನಮ್ಮ ಬೆಳಗಾಗುವುದು ಹೀಗೆ. ಸುಧೀರ್ ಸರ್ ನೇರವಾಗಿ ಬಂದು ನಮ್ಮ ಬಾಯಿಯನ್ನೇ ಮೂಸಬಹುದಿತ್ತು. ಅದಕ್ಕೆ ಕೊರಗರ ಕಾಲೊನಿಯ ನಮ್ಮಂಥವರ ಹತ್ತಿರ ಬರಬೇಕಲ್ಲ? ಬಸ್ರೂರಿನ ದೊಡ್ಡ ಮನೆಯವರು. ಮೂಸದೆ ಇರಲಾರರು, ಹತ್ತಿರ ಬರಲಾರರು. ಹಾಗಾಗಿ ಗೇಟಿನ ಕಂಬಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ಬಾಟ್ಲಿ ಕಟ್ಟಿಸಿದರು. ಓದಿದವರ ತಲೆಯನ್ನು ಮೆಚ್ಚಲೇಬೇಕು. ಮೊದಲ ದಿನವೇ ಕಾನೂನೂ ಹೇಳಿದ್ದರು: "ಊದದವ ಕುಡ್ದವ. ಮತ್ತ್ ಮಾತಿಲ್ಲ."

ಇಷ್ಟೆಲ್ಲ ಒಂದು ಹುಳಕ್ಕಾಗಿ. ಎಳ್ಳಿನಷ್ಟು ದೊಡ್ಡ ಹುಳ, ತೊಗಟೆ ಕೊರೆದು ಒಳಗೆ ಸಂಸಾರ ಹೂಡಿ, ನಿಂತ ಮರವನ್ನೇ ಒಣಗಿಸುತ್ತದೆ. ಅದು ಎಲ್ಲೆಲ್ಲಿ ಎಷ್ಟಿದೆ ಎಂದು ನೋಡುವುದು ಯೋಜನೆ. ಸಾಯಲು ಹೊರಟ ಮರ ಸಾರಾಯಿಯಂಥ ವಾಸನೆ ಬಿಡುತ್ತದಂತೆ, ಹುಳ ಅದನ್ನು ಹುಡುಕಿ ಬರುತ್ತದಂತೆ. ಅದಕ್ಕೇ ನಾವು ಗುಡ್ಡದ ತುಂಬ ಮರಗಳಿಗೆ ಕಿಟಕಿ ಕೊಯ್ದ ಬಾಟ್ಲಿ ಕಟ್ಟುತ್ತೇವೆ. ಒಳಗೆ ಸ್ಪಿರಿಟ್, ಅಡಿಯಲ್ಲಿ ಸೋಪಿನ ನೀರು. ಕುಡಿಯಲು ಬಂದವ ನೀರಿಗೆ ಬೀಳುತ್ತಾನೆ. ಬಿದ್ದ ಹುಳಗಳನ್ನು ಸೋಸಿ ತರುವುದು ನಮ್ಮ ಕೆಲಸ.

ಸತ್ಯ ಹೇಳುತ್ತೇನೆ, ಹುಳದ ಮೇಲೆ ನನಗೆ ಅಂಥ ಪ್ರೀತಿಯೇನಿಲ್ಲ. ಪ್ರೀತಿ ಇರುವುದು ಕೊರಳಿನ ಕಾರ್ಡಿನ ಮೇಲೆ. ಗುಡ್ಡಕ್ಕೆ ಬೇಲಿ ಬಂದ ಮೇಲೆ ಕಾರ್ಡ್ ಇದ್ದವರಿಗೆ ಮಾತ್ರ ಗೇಟು ತೆರೆಯುತ್ತದೆ. ಬರುವಾಗ ತಲೆಯ ಮೇಲೊಂದು ಹೊರೆ ಬಳ್ಳಿ ತಂದರೆ ಇಡೀ ಕಾಲೊನಿ ಬುಟ್ಟಿ ನೇಯುತ್ತದೆ. ಕಾರ್ಡ್ ಹೋದರೆ ಬಳ್ಳಿ ಇಲ್ಲ, ಬಳ್ಳಿ ಇಲ್ಲದಿದ್ದರೆ ಕಾಲೊನಿಯ ಕೈಗೆ ಕೆಲಸವಿಲ್ಲ.

ಆ ದಿನ ಯೋಜನೆ ನಡೆಸುವ ಹುಳದ ಮೇಡಂ ಬಂದರು. ಪ್ರಣೀತಾ ಮೇಡಂ ಒಳ್ಳೆಯವರೇ, ಹುಳ ಸಿಕ್ಕಿದರೆ ಮಗುವಿನ ಹಾಗೆ ನಗುತ್ತಾರೆ. ಅವತ್ತು ನಗಲಿಲ್ಲ. ಸಾಸ್ತಾನದ ಟೋಲಿನ ಸಾಲಿನಲ್ಲಿ ಬೆಂದು ಬಂದಿದ್ದರು.

"ಸುಧೀರ್, ಹೋದ ಸಲ ಮೇಲಿನ ಬಾಟ್ಲಿಗಳೆಲ್ಲ ಒಣಗಿದ್ದವು. ಸ್ಪಿರಿಟ್ ಇಲ್ಲದೆ ಹುಳ ಹೇಗೆ ಬರುತ್ತೆ? ಅದರ ಕ್ಯಾನ್ ಯಾಕೆ ಇಷ್ಟು ಬೇಗ ಖಾಲಿ ಆಗ್ತಿದೆ?"

"ಇವರು ಕುಡಿತಾರೆ ಮೇಡಂ. ಹುಳಕ್ಕಿಂತ ಮೊದಲು ಇವರಿಗೇ ವಾಸನೆ ಹೊಡಿಯುತ್ತೆ." ಮೇಡಂ ಎದುರು ಸುಧೀರ್ ಸರ್ ಕನ್ನಡಕ್ಕೂ ಇಸ್ತ್ರಿ ಹಾಕಿರುತ್ತಾರೆ. ನಮ್ಮ ಕಡೆ ತಿರುಗಿದಾಗ ಇಸ್ತ್ರಿ ಇರಲಿಲ್ಲ. "ಎಂತ ಕಾಂಬುದ್? ಇಬ್ರೂ ಕಾರ್ಡ್ ತೆಗ್ದ್ ಬಿಸಾಡಿ! ಕಳ್ ಬೋಳಿಮಕ್ಳ್!"

ಸೂರನ ಕೈ ಕೊರಳಿಗೆ ಹೋಯಿತು. "ಅಕ್ಕಾ, ತೆಗುದಾ?"

"ಇರ್ ನೀ." ನಾನು ಮೇಡಂ ಕಡೆ ತಿರುಗಿದೆ. "ಮೇಡಂ, ನಾವ್ ಕುಡುಲಿಲ್ಲ. ಹಾಯ್ಗುಳಿಗ್ ಕೊಟ್ಟದ್ ಹೌದ್. ದಾರಿ ತಿರ್ವಿನಲ್ಲ್ ದೈವದ್ ಕಲ್ಲಿತ್ತ್. ಸರಾಯಿ ಹಿಡ್ಕಂಡ್ ಅದ್ರ್ ಎದ್ರ್ ಸುಮ್ನೆ ದಾಟುಕಾಗ. ಒಂದ್ ಮುಚ್ಚಳ ಬಿಟ್ಟೇ ಹೋಪುದ್."

"ನಿಮ್ಗ್ ಎಂತ ಹಾಯ್ಗುಳಿಯೇ?" ಸುಧೀರ್ ಸರ್ ಜೀಪಿನಿಂದ ಇಳಿದೇಬಿಟ್ಟರು. "ಹಾಯ್ಗುಳಿ ನಮ್ ಮನಿ ದೈವ. ಹೊರ್ಗ್ ನಿಂತ್ ಡೋಲ್ ಬಡಿವವ್ರಿಗ್ ಅದ್ಕೆ ಕೊಡು ಹಕ್ಕ್ ಯಾರ್ ಕೊಟ್ರ್?"

ಬೋಳಿ ಅಂದಾಗ ಏಳದ ಸಿಟ್ಟು ಈಗ ಎದ್ದಿತು. ಅವರ ಮನೆಯ ದೈವ ಏಳಲು ನಮ್ಮ ಅಪ್ಪನ ಡೋಲು ಬೇಕಿತ್ತು. ಎದ್ದ ದೈವಕ್ಕೆ ನಮ್ಮ ಕೈಯ ಗುಟುಕು ಬೇಡವಂತೆ.

"ಆಯ್ತ್ ಒಡೇರೆ, ದೈವ ನಿಮ್ದೇ. ಅದ್ ಒಂದ್ ಮುಚ್ಚಳ ಕುಡ್ದ್ರೆ ಕ್ಯಾನ್ ಖಾಲಿ ಆತ್ತಾ? ಕ್ಯಾನ್ ಮಲ್ಗುದ್ ನಿಮ್ ಜೀಪ್ ಒಳ್ಗೆ. ಮುಟ್ಟಿದವ್ರೆಲ್ಲ ಊದ್ಲಿ."

ಕಂಬದ ಬಾಟ್ಲಿ ಬಿಚ್ಚಿ, ಗಟ್ಟಿಯಾಗಿ ಊದಿ, ಬಾಯಿ ಒರೆಸದೆ ಅವರ ಮುಂದೆ ಹಿಡಿದೆ. ಅಂಚಿನಲ್ಲಿ ನನ್ನ ಎಲೆ-ಅಡಿಕೆಯ ಕೆಂಪು ಇತ್ತು.

"ನಂದ್ ಆಯ್ತ್. ಈಗ ನೀವ್ ಊದಿ."

ಸುಧೀರ್ ಸರ್ ಬಾಟ್ಲಿಯನ್ನು ಹಾವು ನೋಡಿದ ಹಾಗೆ ನೋಡಿದರು.

"ಊದಿಬಿಡಿ ಸುಧೀರ್, ಒಂದು ಕ್ಷಣದ ಕೆಲಸ," ಅಂದರು ಮೇಡಂ. ಅವರಿಗೆ ಪಾಪ, ಏನೂ ಗೊತ್ತಿಲ್ಲ.

"ಎಂಜಲು ಮೇಡಂ."

"ಸೂರ ದಿನಾ ನನ್ ಎಂಜ್ಲೇ ಊದುದ್," ಅಂದೆ. "ಅವ್ನಿಗ್ ಎಂತದೂ ಆಯ್ಲಿಲ್ಲ."

"ವಿಶಾಲ್! ಹಿಂದ್ ಇನ್ನೊಂದ್ ಬಾಟ್ಲಿ ಇದ್ರೆ ತಾ!"

ವಿಶಾಲ್ ಹೋದ. ಜೀಪಿನ ಹಿಂಬಾಗಿಲು ಮಾತ್ರ ತೆಗೆಯಲಿಲ್ಲ, ಅದಕ್ಕೆ ಬೆನ್ನು ಕೊಟ್ಟು ನಿಂತ. ಕ್ಯಾನಿನ ಪಕ್ಕದಲ್ಲಿ ಸೋಡಾ ಬಾಟ್ಲಿ, ಗ್ಲಾಸು ಇರುವುದನ್ನು ಗಾಡಿ ತೊಳೆಯುವ ಸೂರ ದಿನಾ ನೋಡುತ್ತಿದ್ದ. "ಖಾಲಿ ಯಾವ್ದೂ ಇಲ್ಲ ಸರ್," ಅಂದ ವಿಶಾಲ್, ನೆಲ ನೋಡುತ್ತ.

ಮೇಡಂ ಮೊದಲು ಬಾಗಿಲನ್ನು ನೋಡಿದರು, ಆಮೇಲೆ ಸುಧೀರ್ ಸರ್ ಮುಖವನ್ನು. ಏನೋ ಹೇಳುತ್ತಾರೆ ಅಂದುಕೊಂಡೆ. ಮೊಬೈಲು ತೆಗೆದು ಅದನ್ನೇ ನೋಡುತ್ತ ನಿಂತರು. ನನ್ನ ಕೈ ನೋಯತೊಡಗಿತ್ತು.

"ಊದದವ ಕುಡ್ದವ," ಅಂದೆ. "ನಿಮ್ದೇ ಮಾತ್ ಸರ್." ಬಾಟ್ಲಿಯನ್ನು ಜೀಪಿನ ಕನ್ನಡಿಗೆ ಸಿಕ್ಕಿಸಿದೆ. "ಹೋಪ, ಸೂರ."

ಗೇಟು ನೂಕಿ ಒಳಗೆ ನಡೆದೆವು. ಕಲ್ಲಿನ ಹತ್ತಿರ ಸೂರನ ಚೀಲದಲ್ಲಿ ನಿನ್ನೆಯಿಂದ ಉಳಿದಿದ್ದ ಸ್ಪಿರಿಟ್ಟನ್ನೆಲ್ಲ ಹಾಯ್ಗುಳಿಗೆ ಬಿಟ್ಟೆ. ಅವತ್ತು ಹುಳ ಸೋಸಲಿಲ್ಲ. ಸಾಯಂಕಾಲದವರೆಗೆ ಬಳ್ಳಿ ಕೊಯ್ದೆವು, ಕುತ್ತಿಗೆ ಹೊರುವಷ್ಟು, ಅದರ ಮೇಲೊಂದಿಷ್ಟು.

ಇಳಿದು ಬಂದಾಗ ಜೀಪು ಇರಲಿಲ್ಲ. ಗೇಟಿಗೆ ಹೊಸ ಬೀಗ ಬಿದ್ದಿತ್ತು, ಆಚೆಯ ಬದಿಯಿಂದ. ನಾವು ಒಳಗಿದ್ದೇವೆಂದು ಗೊತ್ತಿದ್ದೇ ಹಾಕಿದ ಬೀಗ. ಬಾಟ್ಲಿ ಚಕ್ರದಡಿ ಸಿಕ್ಕಿ ಚಪ್ಪಟೆಯಾಗಿ ಬಿದ್ದಿತ್ತು.

ಹೊರೆಗಳನ್ನು ಗೇಟಿನ ಮೇಲಿಂದ ಆಚೆಗೆ ಎಸೆದೆ. ಸೀರೆ ಎತ್ತಿ ಕಟ್ಟಿ ಹತ್ತತೊಡಗಿದೆ.

"ಅಕ್ಕಾ," ಸೂರ ಕೆಳಗಿನಿಂದ ಕೇಳಿದ, "ನಾಳಿಗೆ ಎಂತ ಮಾಡುದ್?"

"ನಾಳಿಗೆ ಆ ಬದಿಂದ ಹತ್ತುದ್," ಅಂದೆ.