ಬೆಸ ಸಂಖ್ಯೆಯ ಬೂದೆಪ್ಪ

ಕಾರಣವಿಲ್ಲದೆ ಬೂದೆಪ್ಪ ಯಾರ ಮನೆಯ ಹೊಸ್ತಿಲನ್ನೂ ದಾಟಿದವನಲ್ಲ. ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡುವ ಮುನ್ನವೇ, ತಾನು ಬಂದ ಕೆಲಸ ಇಂಥದೆಂದು ಹೇಳಿ ಮುಗಿಸದ ಹೊರತು ಅವನ ಕಾಲು ಒಳಗೆ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಇನ್ನೊಂದು ಗಳಿಗೆ ಕೂರೆಂದರೆ ಪರರ ಜಾಗದಲ್ಲಿ ಕೂತವನಂತೆ ಚಡಪಡಿಸಿ ಎದ್ದುಬಿಡುತ್ತಾನೆ. ರಾಯಚೂರಿನಲ್ಲಿ ನನಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದಾಗ ದೇವದುರ್ಗದಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದವನು, ನಮ್ಮ ಬಾಗಿಲಲ್ಲಿ ಒಂದು ಕೊಡೆ ಹಿಡಿದು ನಿಂತು, "ಇದು ನಿಮ್ಮದೇನ್ರಿ ಸರ? ನಮ್ಮ ಮನ್ಯಾಗ ಬಿಟ್ಟು ಬಂದಂಗ ಕಾಣಸ್ತದ," ಎಂದ. ಕೊಡೆ ನಮ್ಮದಲ್ಲ, ಅದರ ಹಿಡಿಕೆಗೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ನನ್ನ ಹೆಂಡತಿ ಅನುರಾಧಾ ನಗು ನುಂಗಿಕೊಂಡು ಅದನ್ನು ಇಸಿದುಕೊಂಡಳು. ಬೂದೆಪ್ಪ ಕೊಡೆಯ ಮಾತೇ ಆಡುತ್ತ ನನ್ನ ಮಂಚದ ಪಕ್ಕ ಅರ್ಧ ಗಂಟೆ ಕೂತಿದ್ದು, ಕಣ್ಣಿನ ವಿಷಯ ಒಂದೇ ಒಂದು ಮಾತು ಕೇಳದೆ ಎದ್ದು ಹೋದ.

ಅವನು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿಯುವ ನೌಕರನಾಗಿದ್ದ. ಕಲ್ಮಲದಲ್ಲಿ ನಮ್ಮ ಪಾಲಿನ ಹೊಲದ ಬದುವಿನ ತಕರಾರು ಎದ್ದಾಗ ಅಳೆಯಲು ಬಂದ ತಂಡದಲ್ಲಿ ಅವನಿದ್ದ. ಪರಿಚಯ ಅಲ್ಲಿಂದ ಬೆಳೆಯಿತು. ಆಯುಷ್ಯದ ಬಹುಭಾಗವನ್ನು ಅನ್ಯರ ನೆಲ ಅಳೆಯುವುದರಲ್ಲಿ ಕಳೆದ ಮನುಷ್ಯನಿಗೆ ನಡಿಗೆಯೂ ಒಂದು ಮಾಪನವಾಗಿಬಿಟ್ಟಿದೆ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ಬೆರಳಗಲದ ವ್ಯತ್ಯಾಸವಿಲ್ಲ. ಜೊತೆಯಲ್ಲಿ ನಡೆಯುವವರು ಮಾತು ನಿಲ್ಲಿಸಿದರೆ ಅವನ ತುಟಿ ಸದ್ದಿಲ್ಲದೆ ಎಣಿಸುತ್ತಿರುವುದು ಕಾಣುತ್ತದೆ. ಮಾತಿಗೊಮ್ಮೆ 'ಅಳತಿ ಪ್ರಕಾರ' ಎನ್ನುತ್ತಾನೆ. ಸಾರಿಗೆ ಉಪ್ಪು ಕಡಿಮೆಯಾದರೂ ಅಳತಿ ಪ್ರಕಾರವೇ. ಇನ್ನು ಆ ಕೋಟು. ಮೈಮೇಲಿನ ಬನಿಯನ್ನೂ ಭಾರವೆನಿಸುವ ನಮ್ಮ ರಾಯಚೂರಿನ ಬಿಸಿಲಿನಲ್ಲಿ ಅವನು ದಪ್ಪ ಬೂದುಬಣ್ಣದ ಕೋಟು ತೊಡುತ್ತಾನೆ. ಅದರ ಎಡಗಡೆಗೆ, ಎದೆಯಿಂದ ಸೊಂಟದವರೆಗೆ ಇಳಿಯುವ ಒಂದು ವಿಚಿತ್ರವಾದ ಒಳಜೇಬು. ಅದು ಹೊಲದ ನಕ್ಷೆಗಳನ್ನು ಇಟ್ಟುಕೊಳ್ಳಲು ಹೊಲಿಸಿದ್ದೆಂದು ನಾನು ಬಹಳ ಕಾಲ ತಿಳಿದಿದ್ದೆ.

ಒಂದು ಭಾನುವಾರ ಸಿರವಾರದ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಇಬ್ಬರೂ ಮಾನ್ವಿಗೆ ಹೊರಟವರು. ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಮೇಲೆ, ನನ್ನ ಕಣ್ಣು ಆ ಜೇಬಿನ ಮೇಲೆಯೇ ಇರುವುದನ್ನು ಕಂಡು, ಸಂಕೋಚದಿಂದಲೇ ಒಳಗಿದ್ದುದನ್ನು ಹೊರತೆಗೆದ. ಪ್ಲಾಸ್ಟಿಕ್ ಹೊದಿಕೆಯೊಳಗೆ ತೆಳ್ಳಗಿನ ಒಂದು ಕಾಮಿಕ್ಸ್ ಪುಸ್ತಕ. 'ನೀಲಿಕುದುರೆ', ಸಂಚಿಕೆ ಹದಿಮೂರು. ಎಂಬತ್ತರ ಆಸುಪಾಸಿನಲ್ಲಿ ಹದಿನೈದು ದಿನಕ್ಕೊಂದರಂತೆ ಮೂರು ವರ್ಷ ಬಂದು ನಿಂತುಹೋದ ಚಿತ್ರಕಥೆ ಅದು. ಮುಖ ಮುಚ್ಚಿಕೊಂಡ ಸವಾರನೊಬ್ಬ ಹೊಳೆ ದಂಡೆಯ ಊರುಗಳನ್ನು ದರೋಡೆಕೋರರಿಂದ ಕಾಯುವ ಕಥೆ. ಕುದುರೆ ಕಪ್ಪಾಗಿರಬೇಕಿತ್ತಂತೆ, ಅಗ್ಗದ ಮಸಿಯಲ್ಲಿ ಅಚ್ಚಾಗಿ ನೀಲಿಯಾಯಿತಂತೆ, ಹೆಸರೂ ಅದೇ ಉಳಿಯಿತಂತೆ. ಅರವತ್ತು ಸಮೀಪಿಸಿದ ಸರ್ಕಾರಿ ನೌಕರ ಇದನ್ನು ಎದೆಗವಚಿಕೊಂಡು ಎರಡು ಬಸ್ಸು ಬದಲಿಸುವುದನ್ನು ಕಂಡು ನನಗೆ ನಗು ಬಂತು, ಅವನೂ ನಕ್ಕ.

ಹೈಸ್ಕೂಲು ಓದುವಾಗ ಅವನೂ ಮಾನ್ವಿಯ ಅಲ್ಲಾಉದ್ದೀನನೂ ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ ಒಂದೇ ಕೋಣೆಯಲ್ಲಿದ್ದರು. ನೀಲಿಕುದುರೆಯನ್ನು ಸರದಿಯ ಮೇಲೆ ಕೊಳ್ಳುವುದೆಂದು ಒಪ್ಪಂದವಾಗಿತ್ತು. ಮೊದಲನೆಯದು ಬೂದೆಪ್ಪನದು, ಎರಡನೆಯದು ಅಲ್ಲಾಉದ್ದೀನನದು, ಮೂರನೆಯದು ಮತ್ತೆ ಬೂದೆಪ್ಪನದು. ಹೀಗೆ ಎಪ್ಪತ್ತೆರಡು ಸಂಚಿಕೆ. ಓದು ಮುಗಿದು ಕೋಣೆ ಖಾಲಿ ಮಾಡಿದ ದಿನ ಬೆಸ ಸಂಖ್ಯೆಯವೆಲ್ಲ ದೇವದುರ್ಗಕ್ಕೂ ಸಮ ಸಂಖ್ಯೆಯವೆಲ್ಲ ಮಾನ್ವಿಗೂ ಹೋದವು. ಕಥೆ ಇಬ್ಬರಲ್ಲಿ ಒಬ್ಬನ ಹತ್ತಿರವೂ ಪೂರ್ತಿ ಉಳಿಯಲಿಲ್ಲ. ಆದ್ದರಿಂದ ಬೂದೆಪ್ಪ ಹದಿನೈದು ದಿನಕ್ಕೊಂದು ಭಾನುವಾರ ತನ್ನದೊಂದು ಸಂಚಿಕೆಯನ್ನು ಒಯ್ದು, ಅಲ್ಲಾಉದ್ದೀನನ ಮುಂದಿನ ಸಂಚಿಕೆಯ ಜೊತೆ ಕೂಡಿಸಿ ಓದಿ ಬರುತ್ತಿದ್ದ. ಎಪ್ಪತ್ತೆರಡು ಮುಗಿದರೆ ಮತ್ತೆ ಒಂದರಿಂದ. ಹೀಗೆ ನಾಲ್ಕು ದಶಕ ಕಳೆದಿತ್ತು.

ಅಂದು ನಾನೂ ಅವನ ಜೊತೆ ಹೋದೆ. ಅಲ್ಲಾಉದ್ದೀನನದು ಸ್ಟೋವು, ಕುಕ್ಕರು ರಿಪೇರಿ ಮಾಡುವ ಸಣ್ಣ ಅಂಗಡಿ; ಅದರ ಹಿಂದೆಯೇ ಮನೆ. ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಬೂದೆಪ್ಪನನ್ನು ಕಂಡು ಬಾ ಎನ್ನಲಿಲ್ಲ, ಕ್ಷೇಮ ಕೇಳಲಿಲ್ಲ.

"ಎಷ್ಟನೇದು?" ಎಂದ.

"ಹದಿಮೂರು."

"ಹಂಗಾರ ಹದಿನಾಕು ತೆಗೀತೀನಿ."

ಆ ಮಧ್ಯಾಹ್ನ ಅವರಿಬ್ಬರ ನಡುವೆ ನಾನು ಕೇಳಿದ ಸಂಭಾಷಣೆ ಹೆಚ್ಚುಕಡಿಮೆ ಇಷ್ಟೇ. ಮೊದಲು ಬೂದೆಪ್ಪ ಹದಿಮೂರನ್ನು ಓದಿದ. ಅಲ್ಲಾಉದ್ದೀನ ಸುಮ್ಮನೆ ಎದುರಿಗೆ ಕೂತಿದ್ದ. ಆಮೇಲೆ ಅಲ್ಲಾಉದ್ದೀನ ಓದಿದ. ಅವನು ತುಟಿ ಅಲ್ಲಾಡಿಸಿಕೊಂಡು ಒಂದೊಂದು ಚಿತ್ರಕ್ಕೂ ನಿಂತು ಓದುವವನು, ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬೂದೆಪ್ಪ ಕಾದ. ನಡುವೆ ಚಹಾ ಬಂತು. ಹದಿನಾಲ್ಕಕ್ಕೂ ಇದೇ ವಿಧಿ. ಮುಗಿದ ಮೇಲೆ ಅವರವರ ಸಂಚಿಕೆ ಅವರವರ ಹೊದಿಕೆಗೆ ಸೇರಿತು. ಎರವಲು ಒಯ್ಯುವ ಪದ್ಧತಿ ಅವರಲ್ಲಿರಲಿಲ್ಲ. ಆ ಮೌನವನ್ನು ನಾನು ಬೇಸರವೆಂದು ತಿಳಿದೆ. ಓದು ಬರೆಹದವನೆಂಬ ಹಮ್ಮು ಮನುಷ್ಯನನ್ನು ಎಷ್ಟು ಕುರುಡಾಗಿಸುತ್ತದೆಂಬುದು ಈಗ ತಿಳಿಯುತ್ತದೆ.

ಬೂದೆಪ್ಪನ ಹೆಂಡತಿ ಆದೆಮ್ಮ ತೀರಿಕೊಂಡ ಮೂರನೆಯ ದಿನ ಅಲ್ಲಾಉದ್ದೀನ ದೇವದುರ್ಗಕ್ಕೆ ಬಂದಿದ್ದನಂತೆ. ಅಂಗಳದ ತುಂಬ ಬಂಧುಬಳಗ. ಬಗಲಿನ ಚೀಲದಿಂದ ಸಂಚಿಕೆಯೊಂದನ್ನು ತೆಗೆದು, "ಇಪ್ಪತ್ತೆರಡು ಉಳದಿತ್ತಲ್ಲ, ಅದಕ ಬಂದೆ," ಎಂದ. ಸಾವಿನ ಮನೆಗೆ ಚಿತ್ರದ ಪುಸ್ತಕ ತಂದನೆಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಬೂದೆಪ್ಪ ಅದನ್ನು ಬಿಡಿಸಿ ತೊಡೆಯ ಮೇಲೆ ಹರಡಿಕೊಂಡು, ಹೆಂಡತಿ ಸತ್ತ ಮೇಲೆ ಮೊದಲ ಬಾರಿಗೆ, ಜನರ ಎದುರಿಗೇ ಅತ್ತನಂತೆ. ಇದನ್ನು ಅವನ ಸೊಸೆ ರೇಣುಕಮ್ಮ ನನಗೆ ಹೇಳಿದಳು.

ಇಷ್ಟೆಲ್ಲ ತಿಳಿದೂ ನಾನು ಆ ಕೆಲಸ ಮಾಡಿದೆ. ಎರಡು ವರ್ಷದ ಹಿಂದೆ ಯಾವುದೋ ಪ್ರಕಾಶನದವರು ಎಪ್ಪತ್ತೆರಡೂ ಸಂಚಿಕೆಗಳನ್ನು ಸೇರಿಸಿ, ಗಟ್ಟಿ ರಟ್ಟಿನ ಮೂರು ಸಂಪುಟಗಳಾಗಿ, ನುಣುಪು ಕಾಗದದಲ್ಲಿ ಹೊರತಂದರು. ಪುಸ್ತಕದ ಮಟ್ಟಿಗೆ ನಾನು ಮೊದಲಿನಿಂದಲೂ ಸಂಪುಟದ ಪಕ್ಷಪಾತಿ. ಬಿಡಿ ಸಂಚಿಕೆ ಹರಿಯುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ, ಯಾರೋ ಒಯ್ದರೆ ಮರಳಿ ಬರುವುದಿಲ್ಲ. ಸಂಪುಟ ಕಪಾಟಿನಲ್ಲಿ ನಿಂತರೆ ಒಂದು ತಲೆಮಾರು ಅಲುಗುವುದಿಲ್ಲ. ಹಿಂದೊಮ್ಮೆ ಈ ವಾದವನ್ನು ಬೂದೆಪ್ಪನ ಮುಂದೆ ಮಂಡಿಸಿದ್ದೆ. ಅವನು ತಾಳ್ಮೆಯಿಂದ ಕೇಳಿ, "ಎಲ್ಲಾ ಒಮ್ಮೆಲೇ ಕೈಯಾಗ ಬಂದ್ರ, ಮುಂದ ಏನ್ ಮಾಡೋದ್ರೀ?" ಎಂದಿದ್ದ. ಸೋತವನು ಆಡುವ ಮಾತೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಅವನ ನಿವೃತ್ತಿಯ ದಿನ ಮೂರು ಸಂಪುಟಗಳನ್ನು ರಂಗಿನ ಕಾಗದದಲ್ಲಿ ಸುತ್ತಿ, ಅವನ ಮನೆಯವರೆಲ್ಲರ ಎದುರಿಗೆ ಕೈಯಲ್ಲಿಟ್ಟೆ. ಬೂದೆಪ್ಪ ಬಿಚ್ಚಿ ನೋಡಿದ. ಹೊಸ ಮುದ್ರಣದಲ್ಲಿ ಕುದುರೆಗೆ ಅಚ್ಚುಕಟ್ಟಾದ ಕಂದು ಬಣ್ಣ ಬಳಿದಿದ್ದರು. ಓದುಗರ ಪತ್ರಗಳ ಪುಟಗಳನ್ನು ಕೈಬಿಟ್ಟಿದ್ದರು. ನಲವತ್ತೊಂದನೆಯ ಸಂಚಿಕೆಯಲ್ಲಿ, ಈ ಕುದುರೆ ಹುಲ್ಲು ತಿನ್ನುವುದನ್ನು ನಾವು ಒಮ್ಮೆಯೂ ನೋಡಿಲ್ಲವೆಂದು ಅವನೂ ಅಲ್ಲಾಉದ್ದೀನನೂ ಕೂಡಿ ಬರೆದ ಪತ್ರ ಅಚ್ಚಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಅವನು ಸಂಪುಟದ ಮೇಲೆ ಕೈಯಾಡಿಸಿ, "ಚಲೋ ಅದರೀ," ಎಂದ. ರೇಣುಕಮ್ಮನಿಗೆ ಮಾತ್ರ ಮನಸಾರೆ ಸಂತೋಷವಾಯಿತು. "ಪುಣ್ಯ ಬರ್ಲಿ ನಿಮಗ. ಇನ್ನ ಮಾವ ಬಿಸಲಾಗ ಮಾನ್ವಿಗಿ ಹೋಗೋದು ತಪ್ತು ನೋಡ್ರಿ," ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಅಷ್ಟಕ್ಕೇ ನಿಲ್ಲದೆ, ಉತ್ಸಾಹದಲ್ಲಿ ಅಲ್ಲಾಉದ್ದೀನನಿಗೂ ಫೋನು ಮಾಡಿ ಸುದ್ದಿ ತಿಳಿಸಿದೆ. "ಹೌದಾ," ಎಂದ. "ಅವನ ಹತ್ರ ಪೂರಾ ಆತು ಹಂಗಾರ."

ಮುಂದಿನ ಸರದಿಯ ಭಾನುವಾರ ಬೂದೆಪ್ಪ ಹೊರಡಲಿಲ್ಲ. ಏನೆಂದು ಹೇಳಿ ಹೊರಡಬೇಕು? ಮನೆಯಲ್ಲಿ ಇಡೀ ಕಥೆ ಇದೆ. ಅದು ಊರಿಗೆಲ್ಲ ಗೊತ್ತು, ಅಲ್ಲಾಉದ್ದೀನನಿಗೂ ಗೊತ್ತು. ಒಂದು ಸಲ ಮೂವತ್ತೇಳನೆಯ ಸಂಚಿಕೆಯನ್ನು ಒಳಜೇಬಿಗೆ ಹಾಕಿಕೊಂಡು ಸಿರವಾರದವರೆಗೆ ಹೋಗಿ, ಮಾನ್ವಿಯ ಬಸ್ಸು ಎದುರಿಗೇ ನಿಂತಿದ್ದರೂ ಹತ್ತದೆ, ದೇವದುರ್ಗದ ಬಸ್ಸಿಗೆ ಹಿಂತಿರುಗಿದನಂತೆ. ಅತ್ತ ಅಲ್ಲಾಉದ್ದೀನ ಆ ಭಾನುವಾರಗಳಂದು ಮೂವತ್ತೆಂಟನ್ನು ತೆಗೆದಿಟ್ಟುಕೊಂಡು ಅಂಗಡಿಯಲ್ಲಿ ಕೂತಿರುತ್ತಿದ್ದ. ಮಗಳು ಫರ್ಹೀನ್, ಬೇಕಾದರೆ ಫೋನು ಮಾಡಬಾರದೇ ಎಂದರೆ, "ಏನಂತ ಮಾಡ್ಲಿ?" ಎಂದನಂತೆ. ಐದು ತಿಂಗಳು ಹೀಗೆ ಹೋಯಿತು. ಐವತ್ತು ಕಿಲೋಮೀಟರಿನ ಎರಡು ತುದಿಯಲ್ಲಿ ಇಬ್ಬರು ಮುದುಕರು, ಇನ್ನೊಬ್ಬನಿಗೆ ತಾನು ಇನ್ನು ಬೇಡವೆಂದು ನಂಬಿಕೊಂಡು ಕೂತಿದ್ದರು, ಮತ್ತು ಹಾಗೆ ಕೂರಿಸಿದವನು ನಾನು. ಆರನೆಯ ತಿಂಗಳಲ್ಲಿ ಅಲ್ಲಾಉದ್ದೀನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣಿಗೆ ಬೂದೆಪ್ಪನೂ ಹೋದ, ನಾನೂ ಹೋದೆ. ಎಲ್ಲರೂ ಮೂರು ಹಿಡಿ ಮಣ್ಣು ಹಾಕುವಾಗ ಅವನೂ ಹಾಕಿದ. ಹಿಂತಿರುಗುವ ದಾರಿಯಲ್ಲಿ ನನ್ನನ್ನು ಒಂದು ಮಾತೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಬಹಳ ದೂರ ಬಂದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಸುಮ್ನ ಹೋಗಿದ್ರ ಬಾ ಅಂತಿದ್ದ ನೋಡ್ರಿ ಅವ," ಎಂದ. "ನನಗ ತಿಳೀಲಿಲ್ಲ."

ಸಾವಿನ ನಲವತ್ತನೆಯ ದಿನ ಮುಗಿದ ಮರುವಾರ ನಾನು ಅವನ ಕ್ಷಮೆ ಕೇಳಬೇಕೆಂದೇ ದೇವದುರ್ಗಕ್ಕೆ ಹೋಗಿದ್ದೆ. ಅಷ್ಟರಲ್ಲಿ ಫರ್ಹೀನ್ ಬಂದಳು. ತಂದೆಯ ಹಳೆಯ ಹಸಿರು ಶಾಲಿನಲ್ಲಿ ಕಟ್ಟಿದ ಗಂಟನ್ನು ಬೂದೆಪ್ಪನ ಮುಂದಿಟ್ಟು ಬಿಚ್ಚಿದಳು. ಮೂವತ್ತಾರು ಸಂಚಿಕೆ, ಎಲ್ಲವೂ ಸಮ ಸಂಖ್ಯೆಯವು, ಒಂದರ ಮೂಲೆಯೂ ಮಡಚಿರಲಿಲ್ಲ.

"ಅಬ್ಬಾ ಏನೂ ಹೇಳಿದ್ದಿಲ್ಲ ಕಾಕಾ. ನಾನಽ ತಂದೆ. ಎರಡೂ ಒಂದಽ ಕಡಿ ಇರ್ಲಿ, ಜೋಡಿ ಪೂರಾ ಆಗ್ಲಿ ಅಂತ," ಎಂದಳು.

ಬೂದೆಪ್ಪ ಒಂದನ್ನೂ ಮುಟ್ಟಲಿಲ್ಲ. ಶಾಲಿನ ನಾಲ್ಕೂ ತುದಿಗಳನ್ನು ಕೂಡಿಸಿ ಮತ್ತೆ ಗಂಟು ಹಾಕಿದ.

"ಇವು ನಿಮ್ಮ ಮನ್ಯಾಗಽ ಇರ್ಲಿ ಬೇಟಾ. ನನ್ನದು ಮೂವತ್ತೇಳು ಆಗ್ಯದ. ಮೂವತ್ತೆಂಟು ಓದಾಕ ಐತವಾರ ನಾನಽ ಬರ್ತೀನಿ."

ಫರ್ಹೀನ್ ನನ್ನ ಮುಖ ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. "ಬರ್ರಿ ಕಾಕಾ. ನಾ ಮನ್ಯಾಗಽ ಇರ್ತೀನಿ," ಎಂದಳು. ಸಂಜೆ ಬೂದೆಪ್ಪನೇ ಗಂಟನ್ನು ಹೊತ್ತುಕೊಂಡು ಹೋಗಿ, ಅವಳನ್ನು ಬಸ್ಸು ಹತ್ತಿಸಿ ಬಂದ.

ಈಗಲೂ ಅವನು ಹದಿನೈದು ದಿನಕ್ಕೊಂದು ಭಾನುವಾರ ಮಾನ್ವಿಗೆ ಹೋಗುತ್ತಾನೆ. ಸ್ಟೋವಿನ ಅಂಗಡಿ ಮುಚ್ಚಿದೆ. ಹಿಂದಿನ ಮನೆಯ ಪಡಸಾಲೆಯಲ್ಲಿ ಕೂರುತ್ತಾನೆ. ಫರ್ಹೀನಳಿಗೆ ಚಿತ್ರಕಥೆಯ ಹುಚ್ಚಿಲ್ಲ. ಅವಳು ಚಹಾ ಕೊಟ್ಟು ತನ್ನ ಕೆಲಸ ನೋಡಿಕೊಳ್ಳುತ್ತಾಳೆ. ಬೂದೆಪ್ಪ ತನ್ನ ಸಂಚಿಕೆಯನ್ನು ಓದಿ ಮುಗಿಸಿ ಎದುರಿನ ಖಾಲಿ ಕುರ್ಚಿಯ ಮೇಲಿಟ್ಟು, ಮುಕ್ಕಾಲು ಗಂಟೆ ಸುಮ್ಮನೆ ಕಾಯುತ್ತಾನಂತೆ. ಆಮೇಲಷ್ಟೇ ಮುಂದಿನದಕ್ಕೆ ಕೈ ಹಾಕುತ್ತಾನಂತೆ. ನನ್ನ ಮೂರು ಸಂಪುಟಗಳು ರೇಣುಕಮ್ಮನ ಷೋಕೇಸಿನಲ್ಲಿವೆ.

ಪ್ರೀತಿಯನ್ನು ಪ್ರೀತಿಯೆಂದು ಕರೆಯಲು ಬಾರದ ಒಂದು ಜಾತಿಯ ಮನುಷ್ಯರು ನಮ್ಮ ನಡುವೆ ಇದ್ದಾರೆ. ನೋಡಬೇಕೆನಿಸಿತು ಎಂಬ ಒಂದು ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ಅದರ ಬದಲು ಏನಾದರೊಂದು ಕೆಲಸವನ್ನು ಹುಟ್ಟಿಸಿಕೊಂಡು, ಅದನ್ನು ಮುಗಿಯದಂತೆ ಜೋಪಾನ ಮಾಡಿಕೊಂಡು, ಆಯುಷ್ಯವಿಡೀ ಹೋಗಿಬರುತ್ತಿರುತ್ತಾರೆ. ಜಾಣರಾದ ನಮಗೆ ಅವರ ಕೆಲಸದ ಅರೆಕೊರೆ ಬೇಗ ಕಾಣುತ್ತದೆ, ಅದನ್ನು ಪೂರ್ತಿ ಮಾಡಿಕೊಡಲು ನಾವು ತುದಿಗಾಲಲ್ಲಿ ನಿಂತಿರುತ್ತೇವೆ. ಅವರು ಉಪಕಾರ ಮಾಡಿದಿರಿ ಎಂದು ಹೇಳಿ ಒಳ್ಳೆಯ ಮಾತಿನಿಂದಲೇ ಇಸಿದುಕೊಳ್ಳುತ್ತಾರೆ, ಆ ದಿನದಿಂದ ಗೆಳೆಯನ ಮನೆಗೆ ಹೋಗುವ ದಾರಿ ಅವರಿಗೆ ತಿಳಿಯದಾಗುತ್ತದೆ.