ಅರವತ್ತಮೂರನೇ ಬಾಗಿಲು

'ಈ ಪ್ರವಾಸದಿಂದ ನಿಮ್ಮಲ್ಲಿ ಆದ ಬೆಳವಣಿಗೆ' ಎಂಬ ಪ್ರಶ್ನೆಯ ಕೆಳಗೆ ಹತ್ತು ಗೆರೆ ಖಾಲಿ ಬಿಟ್ಟಿದ್ದರು. ಮೊದಲ ಗೆರೆಯಲ್ಲಿ 'ನಾನು' ಎಂದು ಬರೆದು ಅವನು ಪೆನ್ನು ಕಚ್ಚುತ್ತ ಕೂತ. ಮೂರು ವಾರದಲ್ಲಿ ಬೆಳೆದದ್ದು ಗಡ್ಡ ಒಂದೇ. ಎದುರಿಗೆ ಕೂತ ಸಹಪಾಠಿ ಹತ್ತೂ ಗೆರೆ ತುಂಬಿಸಿ, ಸಾಲದೆ ಹಿಂಬದಿಗೂ ಹೋಗಿದ್ದಳು. ಕಂಡದ್ದನ್ನೆಲ್ಲ ಫೋಟೋ ತೆಗೆಯುವ ಅವಳಿಗೆ ಅವನು ಮನಸ್ಸಿನಲ್ಲೇ ಕ್ಯಾಮೆರಾ ಎಂದು ಹೆಸರಿಟ್ಟಿದ್ದ.

"ಇನ್ನೂ ಬರೀತಾ ಇದ್ದೀಯಾ?"

"ಹ್ಞೂಂ."

"ನಂಗಂತೂ ಬರೀತಾ ಅಳುನೇ ಬಂತು ಕಣೋ."

ಬಂದಿರಬೇಕು. ಅವಳಿಗೆ ಅಳು ಯಾವುದಕ್ಕೆ ಬರುವುದಿಲ್ಲ?

ಪರದೇಶದ ಈ ಊರಿನಲ್ಲಿ ಅವರ ಸಂಶೋಧನಾ ತಂಡದ ಕೆಲಸ ಸುಲಭದ್ದು. ಪ್ರತಿ ಏಳನೇ ಬಾಗಿಲು ತಟ್ಟಬೇಕು, ದುಭಾಷಿಯ ಮೂಲಕ ನಲವತ್ತು ಪ್ರಶ್ನೆ ಕೇಳಬೇಕು, ಹೊರಡುವಾಗ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯಬೇಕು. ವಿಷಯ: ನಗರದಲ್ಲಿ ಒಂಟಿತನ. ಬೀಗ ಹಾಕಿದ್ದರೆ ಮೂರು ಸಲ ಹೋಗಿ ನೋಡಬೇಕೆಂಬುದು ಪ್ರೊಫೆಸರರ ನಿಯಮ.

ಹತ್ತು ದಿನದ ಹಿಂದೆ ಅವನು ಹೋದಾಗ ಅರವತ್ತಮೂರನೇ ಬಾಗಿಲಿಗೆ ಬೀಗವಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಅವನು ಸಂಖ್ಯೆ ಬರೆದು, ದುಭಾಷಿಯನ್ನು ಮನೆಗೆ ಕಳಿಸಿ, ಬೇಕರಿಯಲ್ಲಿ ಕೂತು ನಲವತ್ತಕ್ಕೂ ತಾನೇ ಉತ್ತರ ಗೀಚಿದ್ದ. ನಿವೃತ್ತ ಟೈಪಿಸ್ಟ್, ವಯಸ್ಸು ಎಪ್ಪತ್ತೊಂದು, ಒಂಟಿ. ಅನುದಾನ ಕೊಡುವವರು ಬಾಯಿ ಚಪ್ಪರಿಸುವಂಥ ಮುದುಕ. ಬರೆಯುತ್ತಿದ್ದಾಗ ಊರಿನಿಂದ ಅಕ್ಕನ ಫೋನು ಎರಡು ಸಲ ಬಂತು. ಅವನು ಫೋನನ್ನು ಬೋರಲು ಹಾಕಿ 'ಬಂಧುಗಳು: ಸಂಪರ್ಕವಿಲ್ಲ' ಎಂದು ಬರೆದ.

ಈಗ, ಅವನು ಪೆನ್ನು ಕಚ್ಚುತ್ತ ಕೂತಿದ್ದ ಕೋಣೆಯ ಬಾಗಿಲಲ್ಲಿ ಪ್ರೊಫೆಸರ್ ನಿಂತಿದ್ದರು.

"ಏಳಪ್ಪಾ. ನಿನ್ನ ಟೈಪಿಸ್ಟ್ ಅಜ್ಜನ್ನ ನೋಡ್ಕೊಂಡು ಬರೋಣ."

"ಇವತ್ತಾ, ಸರ್?"

"ನಾಳೆ ಹೊರಡ್ತೀವಲ್ಲ. ವರದಿ ಬೆಳಗ್ಗೆನೇ ಕಳಿಸಿಬಿಟ್ಟೆ. ಮೊದಲನೇ ಪುಟದಲ್ಲಿ ಅವ್ರೇ ಇರೋದು. ಒಂದು ಫೋಟೋ ಸೇರಿಸಿದ್ರೆ ಚೆನ್ನಾಗಿರತ್ತೆ."

"ಅವ್ರು ಊರಲ್ಲಿ ಇರ್ತಾರೋ ಇಲ್ವೋ..."

"ಎಲ್ಲಿಗೆ ಹೋಗ್ತಾರೆ? ಯಾರೂ ಇಲ್ಲ ಅಂತ ನೀನೇ ಬರ್ದಿದ್ದೀಯಲ್ಲ."

ಕ್ಯಾಮೆರಾ, ದುಭಾಷಿ ಇಬ್ಬರೂ ಜೊತೆಗೆ ಹೊರಟರು. ಸಿಕ್ಕಿಬಿದ್ದರೆ ಸಂಶೋಧನೆ ಅಲ್ಲಿಗೆ ಮುಗಿಯಿತು; ನಾಲ್ಕು ವರ್ಷ ನೀರುಪಾಲು. ಆದರೂ ಮುಂದೆ ಹೋಗುತ್ತಿದ್ದ ಪ್ರೊಫೆಸರರ ಗಂಭೀರ ಬೆನ್ನು ನೋಡಿದರೆ ಅವನಿಗೆ ನಗು ಬರುತ್ತಿತ್ತು.

ಅದೇ ಬಾಗಿಲು, ಅದೇ ಬೀಗ. ಅರವತ್ತಮೂರು ಒಂದಿಷ್ಟೂ ಮಾಸಿರಲಿಲ್ಲ. ಈ ಗೋಡೆಗೆ ಕಿಟಕಿಯೇ ಇಲ್ಲವೆಂಬುದನ್ನು ಅವನು ಈಗ ಮೊದಲ ಬಾರಿಗೆ ನೋಡಿದ.

ಪಕ್ಕದ ಮನೆಯ ಹೆಂಗಸು ಬಟ್ಟೆ ಹರವಲು ಹೊರಗೆ ಬಂದಳು. ದುಭಾಷಿ ಅವಳನ್ನು ಏನೋ ಕೇಳಿದಳು. ಹೆಂಗಸು ಬಾಗಿಲು ತೋರಿಸಿ, ಗಾಳಿಯಲ್ಲಿ ಬೆರಳು ಗಿರಗಿರ ತಿರುಗಿಸಿ ನಕ್ಕು, ಒಳಗೆ ಹೋದಳು.

"ಏನಂತಮ್ಮಾ?" ಎಂದರು ಪ್ರೊಫೆಸರ್.

ದುಭಾಷಿ ಅವನನ್ನು ನೋಡಿದಳು, ಚಪ್ಪಲಿಗೆ ಮೆತ್ತಿಕೊಂಡದ್ದನ್ನು ನೋಡುವ ಹಾಗೆ.

"ತೀರ್ಕೊಂಡ್ರಂತೆ, ಸರ್. ಹೋದ ವಾರ. ನಿದ್ದೇಲೇ."

ಪ್ರೊಫೆಸರ್ ಟೋಪಿ ತೆಗೆದರು. ಕ್ಯಾಮೆರಾ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲರೂ ಸಾಲಾಗಿ ನಿಂತು ತಲೆ ತಗ್ಗಿಸುವ ಗಡಿಬಿಡಿಯಲ್ಲಿ ದುಭಾಷಿ ಅವನ ಪಕ್ಕಕ್ಕೆ ಬಂದಳು.

"ಇದು ನೀರಿನ ಪಂಪಿನ ಕೋಣೆ," ಎಂದು ಪಿಸುಗುಟ್ಟಿದಳು.

"ಮತ್ತೆ ಯಾಕೆ...?"

"ಮುಂದಿನ ವರ್ಷ ಇನ್ನೊಂದು ತಂಡ ಬರುತ್ತೆ. ನಂಗೆ ಕೆಲಸ ಬೇಡ್ವಾ?"

ಸದ್ಯ ಬದುಕಿಕೊಂಡೆ ಎಂದುಕೊಂಡ. ಇಡೀ ಗುಂಪಿನ ಮೇಲೆ ಅಸಹ್ಯ ಉಕ್ಕಿತು. ತಲೆ ತಗ್ಗಿಸಿದ. ತಾನು ಬರೆದ ಉತ್ತರಗಳು ಒಂದೊಂದಾಗಿ ನೆನಪಾದವು. ಕಾಯಿಲೆ ಬಿದ್ದರೆ ಯಾರನ್ನು ಕರೆಯುತ್ತೀರಿ? ಯಾರನ್ನೂ ಇಲ್ಲ. ಕೊನೆಯ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು? ನೆನಪಿಲ್ಲ. ಅಂದು ಒಂದಕ್ಕೂ ಅವನು ಯೋಚಿಸಬೇಕಾಗಿ ಬಂದಿರಲಿಲ್ಲ. ಕಣ್ಣು ಒದ್ದೆಯಾಯಿತು. ಅದರ ಮೇಲೂ ಅವನಿಗೆ ಅಸಹ್ಯವೆನಿಸಿತು.

"ಇದನ್ನೇ ಬರಿಯಪ್ಪಾ, ಬೆಳವಣಿಗೆ ಕೆಳಗೆ," ಎಂದರು ಪ್ರೊಫೆಸರ್, ಕಣ್ಣು ಮುಚ್ಚಿಕೊಂಡೇ, ಮೆಲ್ಲಗೆ.

ಅಷ್ಟರಲ್ಲಿ ಬೀಗ ಹಾಕಿದ ಬಾಗಿಲ ಹಿಂದೆ ಮೋಟರು ಗುರ್ ಎಂದು ಶುರುವಾಯಿತು.

ಪ್ರೊಫೆಸರ್ ಕಣ್ಣು ತೆರೆದರು. ಬಾಗಿಲು ನೋಡಿದರು, ಅವನನ್ನು ನೋಡಿದರು. ಮತ್ತೆ ಕಣ್ಣು ಮುಚ್ಚಿಕೊಂಡು, "ಇನ್ನೊಂದು ನಿಮಿಷ," ಎಂದರು.

ಯಾರೂ ತಲೆ ಎತ್ತಲಿಲ್ಲ. ಚೌಕಟ್ಟು ಅದುರುತ್ತಿತ್ತು. ಅರವತ್ತಮೂರರ ಸೀಮೆಸುಣ್ಣ ಪುಡಿಪುಡಿಯಾಗಿ ಉದುರಿ ಅವನ ಬೂಟಿನ ಮೇಲೆ ಬೀಳತೊಡಗಿತು.